ಅವ್ವ ತೋಳು ಚಾಚಿದ್ದು

ನಮ್ಮ ಮನೆಯಲ್ಲಿ ಯಾರ ತಲೆ ಎಷ್ಟು ನೆಟ್ಟಗಿದೆ ಎಂದು ತಿಳಿಯಬೇಕಾದರೆ ಅವರ ಕೈ ನೋಡುತ್ತಿದ್ದರು. ಹೆಸರು ಮರೆತರೆ ನಗುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕಿದರೆ ಬೈಯುತ್ತಿದ್ದರು. ಕೈ ಮಾತ್ರ ತಪ್ಪಬಾರದು. ಕೈ ತಪ್ಪದಿರುವ ತನಕ ಮನುಷ್ಯನಿಗೆ ಏನೂ ಆಗಿಲ್ಲ. ಅಜ್ಜ ಇದನ್ನು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಕೆಲಸದ ಜೊತೆಗೇ ಕಲಿಸಿದ್ದ. ಆ ಇಬ್ಬರಲ್ಲಿ ಚಿಕ್ಕವಳು ನನ್ನ ಅವ್ವ.

ಅವ್ವನದು ಮಹಾರಾಷ್ಟ್ರದ ಗಡಿಯ ಮಗ್ಗದೂರು ಇಚಲಕರಂಜಿಯಲ್ಲಿ ವಹಿಫಣಿಯ ಕೆಲಸ. ಮಗ್ಗಕ್ಕೆ ಹೊಸ ಬೀಮು, ಅಂದರೆ ಹಾಸುನೂಲಿನ ಉರುಳೆ, ಏರಿಸುವ ಮೊದಲು ಅದಕ್ಕೆ ಸುತ್ತಿದ ಸಾವಿರಾರು ಎಳೆಗಳಲ್ಲಿ ಪ್ರತಿಯೊಂದನ್ನೂ ಬೇರೆ ಮಾಡಿ, ವಹಿ ಎನ್ನುವ ತಂತಿಗಳ ಸಣ್ಣ ಕಣ್ಣಿನೊಳಗಿಂದ ತೂರಿಸಿ, ಆಮೇಲೆ ಬಾಚಣಿಗೆಯಂಥ ಫಣಿಯ ಹಲ್ಲುಗಳ ನಡುವೆ ಎಳೆದು ತರಬೇಕು. ಇದಕ್ಕೆ ಇಬ್ಬರು ಬೇಕು. ಚೌಕಟ್ಟಿನ ಹಿಂದೆ ಕೂತವರು ಎಳೆ ಆರಿಸಿ ಕೊಡುತ್ತಾರೆ, ಮುಂದೆ ಕೂತವರು ಹುಕ್ಕು ಚಾಚಿ ಎಳೆದುಕೊಳ್ಳುತ್ತಾರೆ. ಒಂದೇ ಒಂದು ಎಳೆ ತಪ್ಪು ಕಣ್ಣಿಗೆ ಹೋದರೂ ಆ ಬೀಮಿನ ಬಟ್ಟೆಗೆಲ್ಲ ಉದ್ದಕ್ಕೂ ಗೆರೆ ಬೀಳುತ್ತದೆ. ಬಟ್ಟೆ ತೆಗೆದುಕೊಳ್ಳುವವನು ಆ ಗೆರೆಯ ಮೇಲೆ ಬೆರಳಿಟ್ಟು, ಇದು ಯಾರ ಕೈ ಎಂದು ಕೇಳುತ್ತಾನೆ.

ಊರಲ್ಲಿ ಹೊಕ್ಕುನೂಲಿನ ಕಾಂಡಿ ಸುತ್ತುವ ಹೆಂಗಸರು ಬೇಕಾದಷ್ಟು ಜನ. ವಹಿಫಣಿಗೆ ಕೂರುವ ಹೆಂಗಸರು ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಇಬ್ಬರೇ. ಅವ್ವ ಮುಂದೆ, ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಹಿಂದೆ. ಗಡಹಿಂಗ್ಲಜ ಕಡೆಯ ಹಳ್ಳಿಯಿಂದ ಬಂದ ಅಜ್ಜನಿಗೆ ಗಂಡುಮಕ್ಕಳಿರಲಿಲ್ಲ. ತನ್ನ ಚೌಕಟ್ಟಿಗೆ ಹೆಣ್ಣುಮಕ್ಕಳನ್ನೇ ಕೂರಿಸಿದ. ಆಗ ನಕ್ಕವರು ಆಮೇಲೆ ತಮ್ಮ ಬೀಮುಗಳನ್ನು ಅವರ ಕಡೆಗೇ ಕಳಿಸಿದರು. ಬೇರೆಯವರು ಮಾಡಿದ ಬೀಮನ್ನು ಮಗ್ಗಕ್ಕೆ ಏರಿಸುವ ಮೊದಲು ಒಬ್ಬರು ಕಣ್ಣಾಡಿಸಿ ನೋಡುತ್ತಿದ್ದರು. ಅಕ್ಕತಂಗಿಯರ ಬೀಮನ್ನು ಯಾರೂ ನೋಡುತ್ತಿರಲಿಲ್ಲ. ಹೊಸದಾಗಿ ಬಂದ ಯಾರೋ ಒಬ್ಬ ಅದನ್ನು ನೋಡಲು ಬಗ್ಗಿದಾಗ ಅವ್ವ ಹುಕ್ಕು ಕೆಳಗಿಟ್ಟು, “ಏನ ಹುಡಕಾಕತ್ತೀಯೋ? ನಿಂದೇನರ ಬಿದ್ದೈತೇನ ಅದರಾಗ?” ಎಂದು ಕೇಳಿದ್ದು ನನಗೆ ನೆನಪಿದೆ. ಅವನು ನಗುತ್ತ ಎದ್ದು ಹೋದ. ಆಮೇಲೆ ಯಾರೂ ಬಗ್ಗಲಿಲ್ಲ.

ದೊಡ್ಡವ್ವನಿಗೆ ಮರೆವು ಶುರುವಾದದ್ದು ಯಾವಾಗ ಎಂದು ನನಗೆ ಹೇಳಲು ಬರುವುದಿಲ್ಲ. ನಾನು ಆಗಲೇ ಮದುವೆಯಾಗಿ ಗಡಹಿಂಗ್ಲಜಕ್ಕೆ ಬಂದಿದ್ದೆ. ಅಲ್ಲಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ರಜೆಗೆ ಇಚಲಕರಂಜಿಗೆ ಹೋದಾಗ ಕಂಡದ್ದನ್ನಷ್ಟೇ ಹೇಳಬಲ್ಲೆ. ಒಂದು ಮಧ್ಯಾಹ್ನ ಅವರಿಬ್ಬರೂ ಊಟ ಮುಗಿಸಿ ಮತ್ತೆ ಚೌಕಟ್ಟಿಗೆ ಕೂತಿದ್ದರು. ಎಳೆ ಕೊಡುತ್ತಲೇ ದೊಡ್ಡವ್ವ ಅಂದಳು.

“ಏ, ಹೊತ್ತಾತು. ಊಟ ಮಾಡೂಣ ನಡಿ.”

“ಈಗರ ಉಂಡು ಕೈ ತೊಳಕೊಂಡಿ. ಎರಡ ಸರ್ತಿ ಉಂಡ ಈ ಬಾಗಲದಾಗ ಹಿಡಸ್ತೀಯೇನ?” ಎಂದಳು ಅವ್ವ.

“ನಾ ಉಂಡೆನೇನ? ಏನ ಮಾಡಿದ್ದಿ?”

“ಬದನಿಕಾಯಿ.”

“ಹಂಗಂದ್ರ ನೆನಪಿಲ್ಲದ್ದ ಬರೋಬರ ಐತಿ. ನಿನ್ನ ಬದನಿಕಾಯಿ ಯಾರ ನೆನಪ ಇಟಗೊಂಡಾರ!”

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ದೊಡ್ಡವ್ವ ಯಾವಾಗಲೂ ಹಾಗೆಯೇ ಮಾತಾಡುವವಳು. ಆ ನಗುವಿನೊಳಗೆ ಅವಳು ನಿಜವಾಗಿ ಊಟವನ್ನೇ ಮರೆತಿದ್ದಾಳೆ ಎನ್ನುವುದು ಯಾರಿಗೂ ಕಾಣಲಿಲ್ಲ.

ಆಮೇಲೊಂದು ಸಂಜೆ ಅವಳು ಕೆಲಸ ಬಿಟ್ಟು ಮನೆಗೆ ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಬಾಡಿಗೆಗೆ ಇದ್ದ ಓಣಿಗೆ ಹೋಗಿ ಬೇರೆಯವರ ಮನೆಯ ಬಾಗಿಲು ತಟ್ಟುತ್ತಿದ್ದಳಂತೆ. ಗುರುತಿನವರೊಬ್ಬರು ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಬಂದು ಬಿಟ್ಟರು. ಅವ್ವ ಮರುದಿನ ಅಕ್ಕನನ್ನು ಚೌಕಟ್ಟಿನ ಹಿಂದೆ ಕೂರಿಸಿ ದಿನವಿಡೀ ಅವಳ ಬೆರಳುಗಳ ಮೇಲೇ ಕಣ್ಣಿಟ್ಟಳು. ಸಂಜೆ ನನಗೆ ಫೋನು ಮಾಡಿ, “ಒಂದ ಎಳಿ ತಪ್ಪಿಲ್ಲ. ಆಕಿಗೇನೂ ಆಗಿಲ್ಲ,” ಎಂದಳು. ನನಗೂ ಸಮಾಧಾನವಾಯಿತು. ನಮಗೆ ಗೊತ್ತಿದ್ದದ್ದು ಅದೊಂದೇ ಪರೀಕ್ಷೆ. ದೊಡ್ಡವ್ವ ಅದರಲ್ಲಿ ಪಾಸಾಗಿದ್ದಳು. ಮುಂದೆಯೂ ಬಹಳ ಕಾಲ ಪಾಸಾಗುತ್ತಲೇ ಹೋದಳು. ಅಷ್ಟೂ ಕಾಲ ನಾವು ಯಾವ ದವಾಖಾನೆಗೂ ಹೋಗಲಿಲ್ಲ.

ಅವಳ ಕೈ ನಿಂತ ದಿನ ನಾನು ಅಲ್ಲಿದ್ದೆ. ದೀಪಾವಳಿಯ ರಜೆ. ಅವ್ವ ಹುಕ್ಕು ಚಾಚಿ ಕಾಯುತ್ತಿದ್ದಳು. ಹಿಂದಿನಿಂದ ಎಳೆ ಬರಲಿಲ್ಲ. “ತಾ,” ಎಂದಳು ಅವ್ವ. ಸ್ವಲ್ಪ ತಡೆದು ಮತ್ತೆ, “ತಾ ಅಕ್ಕಾ.” ದೊಡ್ಡವ್ವ ಬೆರಳಿನ ನಡುವಿನ ಎಳೆಯನ್ನು ನೋಡಿದಳು. ಆಮೇಲೆ ತಂತಿಗಳ ಸಂದಿನಿಂದ ಅವ್ವನ ಮುಖ ನೋಡಿದಳು. ಎಳೆ ಬಿಡಲೂ ಇಲ್ಲ, ಕೊಡಲೂ ಇಲ್ಲ. ಏನು ಮಾಡಬೇಕು ಎಂದು ಯಾರಾದರೂ ಹೇಳಲಿ ಎಂಬಂತೆ ಕೂತಿದ್ದಳು. ಅವ್ವನ ಹುಕ್ಕು ತಂತಿಗಳ ನಡುವೆ ಹಾಗೇ ನಿಂತಿತ್ತು.

ದೊಡ್ಡವ್ವನ ಮಗ ಗಡಹಿಂಗ್ಲಜದಲ್ಲಿ ಅಂಗಡಿ ಇಟ್ಟಿದ್ದಾನೆ. ನನಗೆ ಅಣ್ಣನಾಗಬೇಕು. ಅವನು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಅಲ್ಲಿಯ ಡಾಕ್ಟರಿಗೆ ತೋರಿಸಿದ. ಮರೆವಿನ ಕಾಯಿಲೆ ಬಹಳ ಮುಂದೆ ಹೋಗಿದೆ ಎಂದರು. ಬಿಪಿ ತುಂಬ ಹೆಚ್ಚಿತ್ತು. ಎಷ್ಟು ವರ್ಷದಿಂದ ಹೀಗಿದೆ ಎಂದು ಅವರು ಕೇಳಿದಾಗ ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವಳ ತೋಳಿಗೆ ಅದಕ್ಕೂ ಮೊದಲು ಯಾರೂ ಪಟ್ಟಿ ಕಟ್ಟಿ ನೋಡಿರಲಿಲ್ಲ. ಅವ್ವ, ದೊಡ್ಡವ್ವ ಇಬ್ಬರ ತಾಯಿಯಾದ ನಮ್ಮ ಅಜ್ಜಿಯೂ ಕೊನೆಗಾಲದಲ್ಲಿ ಹೀಗೆಯೇ ಆಗಿದ್ದಳು, ತೊಳೆದ ತಂಬಿಗೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು ಎನ್ನುವುದು ಆ ದಿನ ಅಣ್ಣನ ಬಾಯಿಂದ ಬಂತು. ನಮಗೆಲ್ಲ ಅದು ಗೊತ್ತಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆವು.

ಆಗಿನಿಂದ ನನ್ನ ಕಣ್ಣು ಅವ್ವನ ಮೇಲೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ತಮ್ಮನ ಸಂಸಾರದ ಜೊತೆ ಇಚಲಕರಂಜಿಯ ಅದೇ ಮನೆಯಲ್ಲಿದ್ದಾಳೆ. ಓಣಿಯಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆದಾಗ ತಮ್ಮ ಒತ್ತಾಯ ಮಾಡಿ ಕಳಿಸಿದ. ಅವಳ ಬಿಪಿಯೂ ಹೆಚ್ಚೇ ಬಂತು. ಗುಳಿಗೆ ಕೊಟ್ಟರು. ಅವ್ವ ಅವುಗಳನ್ನು ತೆಗೆದುಕೊಳ್ಳಲಿಲ್ಲ. ಬಚ್ಚಿಡಲೂ ಇಲ್ಲ. ದೇವರ ಮಾಡದ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಳು. ನಾನು ಹೋದಾಗ ಕೇಳಿದೆ.

“ಗುಳಿಗಿ ತಗೊಂಡೆನಂದ್ರ ಬ್ಯಾನಿ ಐತಿ ಅಂದಂಗಾತು. ಬ್ಯಾನಿ ಐತಿ ಅಂದ್ರ, ಹಾಂ, ಅಕ್ಕನ ಬ್ಯಾನಿ ತಂಗಿಗೂ ಹತ್ತೇತಿ ಅಂತಾರ. ನಾಳಿಂದ ನನ್ನ ಕಡೆ ಬೀಮ್ ಯಾರ ಕೊಡ್ತಾರ?”

“ಬಿಪಿ ಬ್ಯಾರೆ, ಮರೆವು ಬ್ಯಾರೆ ಅವ್ವಾ.”

“ಬ್ಯಾರೆ ಇದ್ರ ನೀ ಯಾಕ ಅಳಾಕತ್ತಿ?”

ನಾನು ಕಣ್ಣು ಒರೆಸಿಕೊಂಡೆ. ಅವ್ವ ಕೈ ಮುಂದೆ ಚಾಚಿ, ಬೆರಳುಗಳನ್ನು ಬಿಡಿಸಿ, ನನ್ನ ಕಣ್ಣಿನ ಮುಂದೆ ಹಿಡಿದಳು. ಒಂದಿಷ್ಟೂ ನಡುಗುತ್ತಿರಲಿಲ್ಲ. “ನೋಡು. ಇದನ್ನ ನೋಡಿ ಹೇಳು,” ಎಂದಳು. ಅದೇ ಬೆರಳುಗಳು ದೊಡ್ಡವ್ವನಿಗೂ ಇದ್ದವು ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ಕೊನೆಗೆ ಅವಳನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗುವಂತಾದದ್ದು ಒಂದು ಬೆಳಗಿನ ಘಟನೆಯಿಂದ. ಚೌಕಟ್ಟಿನ ಮುಂದಿನಿಂದ ಏಳುವಾಗ ಅವ್ವ ಒಂದು ಕಡೆ ವಾಲಿದಳು. ಏನೋ ಹೇಳಲು ಹೋದಳು, ಮಾತು ಕೂಡಲಿಲ್ಲ. ದೊಡ್ಡವ್ವನ ಬದಲು ಎಳೆ ಕೊಡಲು ಕೂತವರು ಹಿಡಿದು ಕೂರಿಸಿ ನೀರು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಮಾತು ಬಂತು. ಅವಳು ಮಾಡಿದ್ದೇನೆಂದರೆ, ಮತ್ತೆ ಚೌಕಟ್ಟಿಗೆ ಕೂತು ಬೀಮು ಮುಗಿಸಿದಳು. ಒಂದು ಎಳೆಯೂ ತಪ್ಪಲಿಲ್ಲ. ಮನೆಗೆ ಬಂದು ತಮ್ಮನಿಗೆ ಅದನ್ನೇ ಹೇಳಿದಳು. ವಾಲಿದ್ದನ್ನು, ಮಾತು ನಿಂತದ್ದನ್ನು ಹೇಳಲಿಲ್ಲ. ಬೇರೆಯವರಿಂದ ತಿಳಿದು ತಮ್ಮ ನನಗೆ ಫೋನು ಮಾಡಿದ. ಮರುದಿನವೇ ಇಬ್ಬರೂ ಸೇರಿ ಅವಳನ್ನು ಹೊರಡಿಸಿದೆವು.

ಕೊಲ್ಹಾಪುರದ ದವಾಖಾನೆಯಲ್ಲಿ ಮಿದುಳಿನ ಫೋಟೋ ತೆಗೆದರು. ನಮ್ಮನ್ನು ಕೂರಿಸಿಕೊಂಡು ಮಾತಾಡಿದ ಡಾಕ್ಟರು ಹೆಣ್ಣುಮಗಳು, ನನ್ನಷ್ಟೇ ವಯಸ್ಸಿರಬಹುದು. ಅವರು ಮಾತಾಡಿದ್ದು ಮರಾಠಿಯಲ್ಲಿ. ನನಗೆ ನೆನಪಿರುವುದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ದಿನ ನನ್ನ ಮನಸ್ಸು ಅಲುಗಾಡಿಹೋಗಿತ್ತು. ಅದಕ್ಕೇ ಈಗ ಒಂದೊಂದು ಮಾತನ್ನೂ ಸರಿಯಾಗಿ ಇಡಬೇಕೆಂದು ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಅವರು ಮನೆತನದ ಬಗ್ಗೆ ಕೇಳಿದರು. ಅಜ್ಜಿ, ದೊಡ್ಡವ್ವ, ಎರಡನ್ನೂ ಹೇಳಿದೆ. ಅವ್ವ ನನ್ನ ಮೊಣಕೈ ಚಿವುಟಿದಳು. ನಾನು ನಿಲ್ಲಿಸಲಿಲ್ಲ.

ಡಾಕ್ಟರು ಹೇಳಿದ್ದು ಹೀಗೆ. ದೇಹದಲ್ಲಿ ಕೊಬ್ಬನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ಕೆಲಸಕ್ಕೆ ಸಂಬಂಧಿಸಿದ ಒಂದು ವಂಶವಾಹಿ ಇದೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎಲ್ಲರಿಗೂ ಎರಡು ಪ್ರತಿ ಬರುತ್ತವೆ. ಅದರ ಒಂದು ರೂಪ ಕೆಲವು ಮನೆತನಗಳಲ್ಲಿ ಇಳಿದು ಬರುತ್ತದೆ. ಅದು ಇರುವವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆಯ ಅಪಾಯ ಹೆಚ್ಚು. ಬಂದೇ ಬರುತ್ತದೆ ಎಂದಲ್ಲ. ಇಲ್ಲದವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಮರೆವು ಎಂದರೆ ಮಿದುಳಿನ ಜೀವಕೋಶಗಳದ್ದಷ್ಟೇ ತೊಂದರೆ ಎಂದು ತಿಳಿಯುವ ಕಾಲವೊಂದಿತ್ತು. ಆದರೆ ಆ ರೂಪ ಮಿದುಳಿನ ತೀರ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ, ಅದೂ ಮರೆವು ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ.

ಅವರು ಒಂದು ಹಾಳೆಯ ಹಿಂಬದಿಯಲ್ಲಿ ಕೊಳವೆಯಂಥ ಒಂದು ಚಿತ್ರ ಬರೆದರು. ಅದರ ಹೊರಗೆ ಅಲ್ಲಲ್ಲಿ ಕೈಗಳಂತೆ ಚಾಚಿದ ಏನನ್ನೋ ಬರೆದರು. ನಾಳದ ಗೋಡೆಯನ್ನು ಹೊರಗಿನಿಂದ ತಬ್ಬಿ ಹಿಡಿಯುವ ಜೀವಕೋಶಗಳು ಇವು. ಗೋಡೆ ಬಿಗಿಯಾಗಿ ಇರುವುದು ಇವುಗಳಿಂದ. ಆ ರೂಪದ ವಂಶವಾಹಿ ಇರುವವರಲ್ಲಿ ಇವು ಬೇಗ ಸೋಲುತ್ತವೆ. ಹಿಡಿತ ತಪ್ಪಿದಾಗ ರಕ್ತದಲ್ಲೇ ಉಳಿಯಬೇಕಾದದ್ದು ಮಿದುಳಿನೊಳಗೆ ಜಿನುಗುತ್ತದೆ. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೆಯೋ ಅಲ್ಲಿಗೆ ಆ ಹೊತ್ತಿಗೆ ಹೆಚ್ಚು ರಕ್ತ ಹೋಗಬೇಕು. ಸೋತ ನಾಳಗಳು ಅದನ್ನು ಹೊತ್ತಿಗೆ ಮುಟ್ಟಿಸುವುದಿಲ್ಲ. ಇದರ ಮೇಲೆ ಬಿಪಿಯೂ ಏರಿದರೆ, ಮೊದಲೇ ದುರ್ಬಲವಾದ ಗೋಡೆಗಳಿಗೆ ದಿನಾಲೂ ಹೊಡೆತ.

“ವಂಶವಾಹಿಯನ್ನು ನಾವು ಬದಲಾಯಿಸಲು ಬರುವುದಿಲ್ಲ. ಹೊಡೆತ ಕಡಿಮೆ ಮಾಡಲು ಬರುತ್ತದೆ,” ಎಂದರು.

ಅವ್ವ ಅಷ್ಟು ಹೊತ್ತೂ ಸುಮ್ಮನೆ ಕೇಳಿದಳು. ಅವಳಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಕೊನೆಗೆ ತನ್ನ ಎರಡೂ ಕೈಗಳನ್ನು ಡಾಕ್ಟರ ಮೇಜಿನ ಮೇಲಿಟ್ಟು, ತನ್ನ ಕೈ ಇದುವರೆಗೆ ತಪ್ಪಿಲ್ಲ, ಅಕ್ಕನ ಕೈಯೂ ಎಷ್ಟೋ ವರ್ಷ ತಪ್ಪಿರಲಿಲ್ಲ, ಅದು ಹೇಗೆ ಎಂದು ಕೇಳಿದಳು.

ಡಾಕ್ಟರು ಆ ಕೈಗಳನ್ನು ನೋಡಿದರು. ಚಿಕ್ಕಂದಿನಿಂದ ಮಾಡಿ ಮಾಡಿ ಕೂತ ಕೆಲಸ ಮಿದುಳಿನ ಬೇರೆಯೇ ಕಡೆ ಇರುತ್ತದೆ, ಈ ಕಾಯಿಲೆ ಅಲ್ಲಿಗೆ ಮುಟ್ಟುವುದು ತಡವಾಗಿ ಎಂದರು. ಅವ್ವನನ್ನು ಚಿಕ್ಕಮ್ಮ ಎಂಬಂತೆ ಮಾವಶಿ ಎಂದು ಕರೆದರು. “ಕೈ ತಪ್ಪುವುದು ಎಲ್ಲದರ ಕೊನೆಗೆ, ಮಾವಶಿ. ಅಲ್ಲಿಯ ತನಕ ಕಾದರೆ ನಮ್ಮ ಕೈಲಿ ಏನೂ ಉಳಿದಿರುವುದಿಲ್ಲ.”

ಅವ್ವ ಮೇಜಿನ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅಜ್ಜನಿಂದ ಕಲಿತದ್ದು, ಅಕ್ಕನನ್ನು ದಿನವಿಡೀ ಕೂರಿಸಿ ನೋಡಿದ್ದು, ನನಗೆ ಫೋನಿನಲ್ಲಿ ಹೇಳಿದ್ದು, ಎಲ್ಲ ಆಗ ಅವಳ ತಲೆಯಲ್ಲಿ ಬಂದಿರಬೇಕು. ಅವಳು ಅಳಬಹುದು ಎಂದುಕೊಂಡೆ. ಅಳಲಿಲ್ಲ. ಎದ್ದು ಮೇಜಿನ ಮೇಲಿದ್ದ ಫಿಲ್ಮು ತೆಗೆದುಕೊಂಡಳು. ಕಿಟಕಿಯ ಹತ್ತಿರ ಹೋಗಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆಯೇ ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ಬೂದು ಬಣ್ಣದ ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆಗಳಿದ್ದವು. ನನಗೂ ಕಾಣುತ್ತಿದ್ದವು. ಅವಳು ಒಂದರ ಮೇಲೆ ಬೆರಳಿಟ್ಟಳು.

“ಹೇ ತುಟಲಂಯ್ ಕೀ ಢಿಲ್ಲಂ ಝಾಲಂಯ್?” ಎಂದು ಕೇಳಿದಳು. ಇದು ಹರಿದಿದೆಯೋ, ಸಡಿಲವಾಗಿದೆಯೋ?

ಡಾಕ್ಟರು ಎದ್ದು ಅವಳ ಪಕ್ಕಕ್ಕೆ ಬಂದು ನಿಂತರು. ಈ ಚುಕ್ಕೆಗಳಿರುವ ಕಡೆ ಆಗಿರುವ ಹಾನಿ ತಿರುಗಿ ಸರಿಹೋಗುವುದಿಲ್ಲ, ಅದು ಹರಿದದ್ದೇ ಎಂದು ತಿಳಿಯಿರಿ ಎಂದರು. ಆಮೇಲೆ ಉಳಿದ ಭಾಗದ ಮೇಲೆಲ್ಲ ಅಂಗೈ ಸವರಿ, ಇದೆಲ್ಲ ಇನ್ನೂ ಇದೆ, ಇದರಲ್ಲಿ ಸಡಿಲವಾದದ್ದು ಇರಬಹುದು, ಅದನ್ನು ಕಾಯಬಹುದು ಎಂದರು.

“ಎಷ್ಟ ದಿವಸ?” ಎಂದಳು ಅವ್ವ.

“ಅದನ್ನು ಯಾರೂ ಹೇಳಲು ಬರುವುದಿಲ್ಲ.”

ಅವ್ವ ತಲೆಯಾಡಿಸಿದಳು. ಸುಳ್ಳು ಭರವಸೆ ಕೊಡದ್ದು ಅವಳಿಗೆ ಹಿಡಿಸಿತು ಎಂದು ನನಗೆ ಅವಳ ಮುಖದಿಂದ ತಿಳಿಯಿತು.

ವಂಶವಾಹಿಯ ಪರೀಕ್ಷೆ ಮಾಡಿಸಬೇಕೇ ಎಂದು ನಾನು ಕೇಳಿದೆ. ಬೇಕಾದರೆ ಮಾಡಿಸಬಹುದು, ಆದರೆ ಉತ್ತರ ಏನೇ ಬಂದರೂ ಈಗಿನ ಔಷಧಿ ಬದಲಾಗುವುದಿಲ್ಲ. ಅವ್ವನ ರಕ್ತದಲ್ಲಿ ಸಿಕ್ಕದ್ದು ನಿಮ್ಮ ಬಗ್ಗೆ, ನಿಮ್ಮ ತಮ್ಮನ ಬಗ್ಗೆಯೂ ಏನೋ ಹೇಳಿದಂತಾಗುತ್ತದೆ. ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದರು ಡಾಕ್ಟರು. ಅವ್ವ ನಡುವೆ ಬಾಯಿ ಹಾಕಿದಳು. ಗಾಬರಿಯಾದಾಗ ಅವಳು ಕನ್ನಡಕ್ಕೆ ಬರುತ್ತಾಳೆ.

“ಐತಿ ಅಂದ್ರೂ ಗುಳಿಗಿ, ಇಲ್ಲಂದ್ರೂ ಗುಳಿಗಿ. ಹೌದಲ್ರಿ? ಹಂಗಾದ್ರ ಗುಳಿಗೀನ ಕೊಡ್ರಿ. ಮತ್ತ ಈಕಿ ತೋಳೂ ನೋಡ್ರಿ. ಶಿಬಿರಕ್ಕ ನನ್ನ ಕಳಸ್ತಾರ, ತಾವು ಹೋಗೂದಿಲ್ಲ.”

ಡಾಕ್ಟರಿಗೆ ಎಷ್ಟು ತಿಳಿಯಿತೋ, ನಗುತ್ತ ನನ್ನ ತೋಳಿಗೆ ಪಟ್ಟಿ ಸುತ್ತಿದರು. ನನ್ನದೂ ಇರಬೇಕಾದದ್ದಕ್ಕಿಂತ ಹೆಚ್ಚೇ ಇತ್ತು.

ಹೊರಗೆ ಬಂದ ಮೇಲೆ ನನ್ನ ತಮ್ಮ ಕೆಲಸಕ್ಕೆಂದು ಇಚಲಕರಂಜಿಗೆ ಹೊರಟ. ಅವ್ವ ಬಸ್ ಸ್ಟ್ಯಾಂಡಿನಲ್ಲಿ ನಿಂತು, “ನಾ ಈಗ ಮನೀಗಿ ಬರೂದಿಲ್ಲ. ಅಕ್ಕನ ನೋಡಿ ಬರ್ತೇನಿ,” ಎಂದಳು. ನಾವಿಬ್ಬರೂ ಗಡಹಿಂಗ್ಲಜದ ಎಸ್‌ಟಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಫಿಲ್ಮಿನ ಲಕೋಟೆಯನ್ನು ಮಡಿಚದ ಹಾಗೆ ಎದೆಗೆ ಆನಿಸಿಕೊಂಡಿದ್ದಳು. ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ನಿಂತು ನಿಂತು ಹೋಯಿತು.

ದೊಡ್ಡವ್ವ ಅಣ್ಣನ ಮನೆಯ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ತಲೆ ಬಾಚಿ, ಶುಭ್ರವಾದ ಸೀರೆ ಉಡಿಸಿದ್ದರು. ವೈನಿ, ಅಂದರೆ ಅಣ್ಣನ ಹೆಂಡತಿ, ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ನಮ್ಮನ್ನು ಕಂಡು ದೊಡ್ಡವ್ವ ಕೈ ಎತ್ತಿದಳು.

“ಇವರು ನಂಗ ಊಟಾ ಕೊಟ್ಟಿಲ್ಲ,” ಎಂದಳು.

“ಅಯ್ಯ, ಈಗರ ಉಂಡಾರ್ರಿ ಚಿಗವ್ವಾ. ಇನ್ನೂ ತಾಟ ತೊಳದಿಲ್ಲ ನಾ,” ಎಂದು ವೈನಿ ಒಳಗಿನಿಂದ ಕೂಗಿದಳು.

ಹಿಂದಿನ ಅವ್ವನಾಗಿದ್ದರೆ ಏನಾದರೂ ಅಂದು ನಗಿಸುತ್ತಿದ್ದಳು. ಈ ಸಲ ಅಕ್ಕನ ಎದುರು ನೆಲದ ಮೇಲೆ ಕೂತಳು. ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಒಂದೊಂದೇ ಬೆರಳನ್ನು ಒತ್ತಿದಳು. ಎಳೆ ಆರಿಸಿ ಆರಿಸಿ ತುದಿ ಚಪ್ಪಟೆಯಾದ ಬೆರಳುಗಳು.

“ನಾ ನಿನ್ನ ಕೈ ನೋಡಿದೆ ಅಕ್ಕಾ,” ಎಂದಳು. “ಕೈ ಅಷ್ಟ ನೋಡಿದೆ.”

ದೊಡ್ಡವ್ವ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. “ನೀ ಯಾರ ಮನ್ಯಾಕಿ?”

“ನಿನ್ನ ಮುಂದ ಕುಂಡ್ರಾಕಿ.”

“ಹಾಂ,” ಎಂದಳು ದೊಡ್ಡವ್ವ, ತಿಳಿಯಿತು ಎಂಬಂತೆ. ತಿಳಿದಿತ್ತೋ ಇಲ್ಲವೋ ನಾನು ಹೇಳಲಾರೆ. ಅವ್ವ ಏಳುವ ಮೊದಲು ವೈನಿಯನ್ನು ಕರೆದು, ಅಕ್ಕನ ಬಿಪಿ ಗುಳಿಗೆ ಯಾವ ಹೊತ್ತಿಗೆ ಕೊಡುತ್ತೀ ಎಂದು ವಿಚಾರಿಸಿದಳು. ಆಮೇಲೆ ನೀರು ಕೇಳಿ ಇಸಿದುಕೊಂಡು, ಕೊಲ್ಹಾಪುರದಲ್ಲಿ ಕೊಟ್ಟ ಗುಳಿಗೆಯನ್ನು ಅಲ್ಲೇ, ಅಕ್ಕನ ಮುಂದೆಯೇ ನುಂಗಿದಳು.

ಗುಳಿಗೆಯ ಮಾತು ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ. ಅವ್ವನಿಗೆ ಮುಗಿದಿರಲಿಲ್ಲ. ನನಗೆ ಹೇಳದೆ ಅವಳು ಇನ್ನೊಂದನ್ನು ನಿಶ್ಚಯಿಸಿದ್ದಳು. ಅವಳನ್ನು ಇಚಲಕರಂಜಿಗೆ ಬಿಡಲು ಹೋದವಳು ಮರುದಿನ ಅವಳ ಜೊತೆ ಕಾರ್ಖಾನೆಗೂ ಹೋದೆ. ಬಿಪಿ ನೋಡುವ ಸಣ್ಣ ಮಶೀನು ತಮ್ಮ ಕೊಂಡು ತಂದಿದ್ದ. ಅದನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ವಹಿಫಣಿಯ ಚೌಕಟ್ಟು ಮಗ್ಗಗಳ ಪಕ್ಕದ ಕೋಣೆಯಲ್ಲಿದೆ. ನಡುವೆ ಬಾಗಿಲಿಲ್ಲ. ಮಗ್ಗ ನಡೆಯುತ್ತಿದ್ದರೆ ಅಲ್ಲಿ ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಆ ಹೊತ್ತಿಗೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಜನ ಬೆವರು ಒರೆಸುತ್ತ, ತಂಬಾಕು ತಿಕ್ಕುತ್ತ ಈಚೆಗೆ ಬಂದರು. ಸಾವಕಾರರೂ, ಅಂದರೆ ಮಗ್ಗಗಳ ಮಾಲಕರು, ಬಾಗಿಲಿಗೆ ಬಂದು ನಿಂತರು. ಎಲ್ಲರಿಗೂ ಕೇಳುವಂಥ ಸದ್ದಿಲ್ಲದ ಹೊತ್ತು. ಅವ್ವ ಅದನ್ನೇ ಹಿಡಿದಳು.

“ಸಾವಕಾರ್ರ, ಒಂದ ಮಾತ ಐತಿ.”

“ಬೋಲಾ ಮಾವಶಿ.” ಹೇಳಿ ಎಂದರು.

“ನನ್ನ ತಲ್ಯಾಗಿನ ಸಣ್ಣ ನರಾ ಸಡ್ಲ ಆಗ್ಯಾವು. ಕೊಲ್ಹಾಪುರದಾಗ ಫೋಟೋ ತಗದ ತೋರಸ್ಯಾರ. ನಮ್ಮಕ್ಕಗ ಆದದ್ದು ನಮ್ಮ ಮನಿತನದಾಗ ಇಳದ ಬಂದಿರಬೇಕು. ನಂಗೂ ಬರಬಹುದು, ಬರದನೂ ಇರಬಹುದು. ಗುಳಿಗಿ ತಗೋಳಾಕತ್ತೇನಿ. ನೀವು ಇದನ್ನ ಮಂದಿ ಬಾಯಿಂದ ಕೇಳಬಾರದು, ಅದಕ್ಕ ನಾನ ಹೇಳಾಕತ್ತೇನಿ.”

ಅವಳು ಇಷ್ಟು ವರ್ಷ ಗುಳಿಗೆ ಮುಟ್ಟದೆ ಯಾವ ಮಾತನ್ನು ತಡೆದಿದ್ದಳೋ, ಅದನ್ನು ಎಲ್ಲರ ನಡುವೆ ತಾನೇ ತೆಗೆದಿಟ್ಟಿದ್ದಳು. ಮೊದಲು ಬಾಯಿ ತೆರೆದವನು ಮಗ್ಗ ರಿಪೇರಿ ಮಾಡುವ ಜಾಬರ. ಅವನು ಅವ್ವನ ಜೊತೆ ಎಷ್ಟೋ ವರ್ಷದಿಂದ ಕೆಲಸ ಮಾಡಿದವನು.

“ಸಡ್ಲ ಆಗಿದ್ರ ನಂಗ ಹೇಳೂದಲ್ಲ ಮಾವಶಿ? ನಟ್ಟಿನ ಪಾನಾ ತರ್ತೇನಿ, ಒಂದ ಸುತ್ತ ಬಿಗಿ ಮಾಡೂಣ.”

“ಮೊದಲ ನಿನ್ನ ನಾಲಿಗೀದ ನಟ್ ಬಿಗಿ ಮಾಡ್ಕೋ ಹೋಗು,” ಎಂದಳು ಅವ್ವ.

ಜನ ನಕ್ಕರು. ಸಾವಕಾರರು ನಗಲಿಲ್ಲ. “ಮತ್ತ ಬೀಮ್?” ಎಂದು ಕೇಳಿದರು. ಕೇಳಬೇಕಾದ ಮಾತೇ ಅದು. ಗೆರೆ ಬಿದ್ದ ಬಟ್ಟೆ ಅವರ ಹೆಸರಿಗೆ ಬರುತ್ತದೆ.

“ನಾ ಮುಗಿಸಿದ ಬೀಮ್ ಮಗ್ಗಕ್ಕ ಏರೂಕಿಂತ ಮೊದಲ ಇನ್ನೊಬ್ರು ನೋಡ್ಲಿ. ಇಷ್ಟ ದಿವಸ ಯಾರಿಗೂ ನೋಡಾಕ ಬಿಟ್ಟಿಲ್ಲ ನಾ. ಇನ್ನ ಮ್ಯಾಲೆ ನೋಡ್ಲಿ. ಕೈ ತಪ್ಪಿದ ದಿವಸ ನೀವು ಹೇಳೂದ ಬ್ಯಾಡ, ನಾನ ಎದ್ದ ಹೋಗ್ತೇನಿ. ಅಲ್ಲೀತನಕ ನನ್ನ ಎಬ್ಬಿಸಬ್ಯಾಡ್ರಿ.”

ತನ್ನ ಬೀಮಿನ ಮೇಲೆ ಒಬ್ಬ ಬಗ್ಗಿದ್ದಕ್ಕೆ ಹುಕ್ಕು ಕೆಳಗಿಟ್ಟವಳು ಇವಳೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳಿಗೆ ಕೊಡಲು ಇದ್ದದ್ದು ಆ ಒಂದು ಮರ್ಯಾದೆ. ಅದನ್ನು ತಾನೇ ಎತ್ತಿ ಕೊಟ್ಟಳು, ತಲೆ ತಗ್ಗಿಸದೆ ಕೊಟ್ಟಳು. ನನ್ನ ಬದುಕಿನಲ್ಲಿ ಯಾರ ಬಗ್ಗೆಯೂ ನನಗೆ ಅಷ್ಟು ಹೆಮ್ಮೆ ಎನಿಸಿದ್ದಿಲ್ಲ.

ಅವಳು ಚೀಲದಿಂದ ಮಶೀನು ತೆಗೆದು, ಸೀರೆಯ ಸೆರಗು ಸರಿಸಿ, ತೋಳು ಚಾಚಿ ಎಲ್ಲರೆದುರೇ ಪಟ್ಟಿ ಕಟ್ಟಿಕೊಂಡಳು. ಅದು ಗಾಳಿ ತುಂಬಿಕೊಳ್ಳುವ ಸದ್ದು ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು. ಅಂಕಿ ಬಂದ ಮೇಲೆ ಸಾವಕಾರರು ಒಂದು ಹೆಜ್ಜೆ ಮುಂದೆ ಬಂದರು.

“ಅದನ್ನ ಈ ಕಡೆ ತಾ ನೋಡೂಣ,” ಎಂದು ಅಂಗಿಯ ತೋಳು ಮೇಲೇರಿಸಿದರು.

ಅವ್ವ ಪಟ್ಟಿ ಕಟ್ಟಿದಳು. ಅಂಕಿ ಕಂಡಿತು. ಅವಳು ಒಮ್ಮೆ ಅದನ್ನು, ಒಮ್ಮೆ ಅವರ ಮುಖವನ್ನು ನೋಡಿ, “ಸಾವಕಾರ್ರ, ನನಗಿಂತ ಮೊದಲ ನೀವ ಕೊಲ್ಹಾಪುರದ ಬಸ್ ಹಿಡೀರಿ,” ಎಂದಳು. ಈ ಸಲ ಅವರೂ ನಕ್ಕರು. ನಗುತ್ತಲೇ ಪಟ್ಟಿ ಬಿಚ್ಚಿ ಜಾಬರನ ಕಡೆ ಚಾಚಿದರು. “ಘೇ, ತೂ ಪಣ್ ಬಾಂಧ,” ಎಂದರು. ನೀನೂ ಕಟ್ಟಿಕೋ. ಕರೆಂಟು ಬರುವ ಹೊತ್ತಿಗೆ ತೋಳಿನ ಸರದಿಗೆ ಮಂದಿ ಸಾಲಾಗಿ ನಿಂತಿದ್ದರು. ಮಗ್ಗಗಳು ಮತ್ತೆ ಶುರುವಾದವು. ಸಾವಕಾರರು ಹೋಗುವಾಗ ಗೋಡೆಗೆ ಆನಿಸಿದ್ದ ಹೊಸ ಬೀಮಿನ ಕಡೆ ಕೈ ಮಾಡಿ, ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು, ಅದು ಅವಳದೇ ಎಂಬಂತೆ ಅವ್ವನ ಕಡೆ ಬೆರಳು ತೋರಿಸಿದರು.

ಇದೆಲ್ಲ ಆಗಿ ಕೆಲ ಕಾಲವಾಯಿತು. ಅವ್ವನ ಬೀಮುಗಳನ್ನು ಈಗ ಅವಳ ಕೈಕೆಳಗೆ ಕಲಿತ ಒಬ್ಬ ಹೆಣ್ಣುಮಗಳು ನೋಡುತ್ತಾಳೆ. ಅವಳು ಬಗ್ಗಿ ನೋಡುವಾಗ ಅವ್ವ ಮುಖ ಬೇರೆ ಕಡೆ ತಿರುಗಿಸಿ ಕೂರುತ್ತಾಳೆ. ಇನ್ನೂ ಅಷ್ಟು ಬಿಗುಮಾನ ಉಳಿದಿದೆ. ಬಟ್ಟೆಯಲ್ಲಿ ಗೆರೆ ಬಿದ್ದಿಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಈಗ ನಮಗೆ ಗೊತ್ತು. ಅವ್ವ ಕೆಲವೊಮ್ಮೆ ಹೇಳಿದ್ದನ್ನೇ ಹೇಳುತ್ತಾಳೆ. ಮೊನ್ನೆ ಫೋನಿನಲ್ಲಿ ನನ್ನ ಮಗಳ ಪರೀಕ್ಷೆಯ ಬಗ್ಗೆ ಕೇಳಿ, ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ನಾನು ನಗಲಿಲ್ಲ, ಉತ್ತರ ಹೇಳಿದೆ. ಊಟದ ತಾಟಿನ ಅಂಚಿನಲ್ಲಿ ಉಪ್ಪು ಇಟ್ಟುಕೊಳ್ಳುವುದನ್ನು ಬಿಟ್ಟಿದ್ದಾಳೆ. ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ. ಹಳೆಯ ಫೋಟೋದ ಪಕ್ಕ ಹೊಸದನ್ನು ಇಟ್ಟು ನೋಡಿದ ಡಾಕ್ಟರು, ಹೊಸ ಚುಕ್ಕೆಗಳು ಕಾಣುತ್ತಿಲ್ಲ ಎಂದರು. ಮುಂದಿನ ಸಲದ ಬಗ್ಗೆ ಅವರು ಏನೂ ಹೇಳಲಿಲ್ಲ. ಅವ್ವನೂ ಕೇಳಲಿಲ್ಲ. ವಂಶವಾಹಿಯ ಪರೀಕ್ಷೆಯನ್ನು ನಾನು ಇನ್ನೂ ಮಾಡಿಸಿಕೊಂಡಿಲ್ಲ. ಹೆದರಿಕೆ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಿಪಿಯ ಗುಳಿಗೆ ನಾನೂ ತೆಗೆದುಕೊಳ್ಳುತ್ತಿದ್ದೇನೆ.

ಈ ಬೇಸಿಗೆಯ ರಜೆಗೆ ಹೋದಾಗ ಒಂದು ದಿನ ಎಳೆ ಕೊಡುವವರು ಬಂದಿರಲಿಲ್ಲ. ಅವ್ವ ನನ್ನನ್ನೇ ಚೌಕಟ್ಟಿನ ಹಿಂದೆ ಕೂರಿಸಿದಳು, ದೊಡ್ಡವ್ವ ಕೂರುತ್ತಿದ್ದ ಜಾಗದಲ್ಲಿ. ಚಿಕ್ಕಂದಿನಲ್ಲಿ ಕಲಿತದ್ದು ನನ್ನ ಬೆರಳಿಗೆ ಪೂರ್ತಿ ಮರೆತಿರಲಿಲ್ಲ. ಹೊಸ ಬೀಮು ಶುರು ಮಾಡುವಾಗ ಅವಳು ಮೊದಲಿನಿಂದಲೂ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಾಳೆ. ಈಗ ಅದಾದ ಮೇಲೆ ಬಿಪಿಯ ಪಟ್ಟಿಗೆ ತೋಳು ಚಾಚುತ್ತಾಳೆ. ಅವಳದಾಯಿತು, ನನ್ನದಾಯಿತು. ಎರಡೂ ಅಂಕಿಗಳನ್ನು ಕಣ್ಣು ಕಿರಿದು ಮಾಡಿ ನೋಡಿ, “ನಂದು ನಿನಗಿಂತ ಚಲೋ ಐತಿ,” ಎಂದು ಬೀಗಿದಳು.

ಆಮೇಲೆ ಹುಕ್ಕನ್ನು ತಂತಿಯ ಕಣ್ಣಿನೊಳಗಿಂದ ನನ್ನ ಕಡೆ ಚಾಚಿದಳು.

“ತಾ,” ಎಂದಳು.

ನಾನು ಮೊದಲ ಎಳೆಯನ್ನು ಕೊಟ್ಟೆ.